ಕೋವಿಗೆ ಎರಡೇ ಜಾಗ

ಆ ಬೆಳಿಗ್ಗೆ ಹಾಲು ಉಕ್ಕಲಿಲ್ಲ, ಲೋಟ ಒಡೆಯಲಿಲ್ಲ. ಅಪಶಕುನವಾಗಿತ್ತು ಎಂದು ಆಮೇಲೆ ನೆನೆಸಿಕೊಳ್ಳಲು ಏನೂ ಆಗಲಿಲ್ಲ. ಎಂದಿನಂತೆ ಕಾಫಿ ಕುಡಿದೆ, ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದೆ. ನಮ್ಮನೆಯವರು ಉತ್ತರದ ಗಣಿಗೆ ಹೋಗಿ ವಾರವಾಗಿತ್ತು. ಅವರ ಲೋಟ ಕಪಾಟಿನಲ್ಲಿ ಬೋರಲಾಗಿಯೇ ಇತ್ತು. ಹಿಂದಿನ ದಿನ ಆಯುಧಪೂಜೆ. ಅಂಗಡಿಗೆ ಹೊರಡುವ ಅವಸರದಲ್ಲಿ ನಾನು ಹೊಲಿಗೆ ಮಿಷನ್ನಿಗೂ ಕತ್ತರಿಗೂ ಕುಂಕುಮ ಇಟ್ಟು ಕೈ ಮುಗಿದಿದ್ದೆ, ಅಷ್ಟೆ. ಮಿಷನ್ನಿನ ಮೇಲಿನ ಸೇವಂತಿಗೆ ಆಗಲೇ ಅಂಚಿನಲ್ಲಿ ಕಂದಿತ್ತು.

ಕಾರು ಹೊರಗೆ ತೆಗೆಯುವಾಗ ಪಕ್ಕದ ಮನೆಯ ಕೆನ್ ಕಸದ ಡಬ್ಬಿ ಒಳಗೆಳೆಯುತ್ತಿದ್ದ. ಒಂಟಿ ಮನುಷ್ಯ, ವಯಸ್ಸಾದವನು, ಒಳ್ಳೆಯವನು. ನಾನು ಕೋವಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆಂದು ಗೊತ್ತಾದ ದಿನ, "ನನ್ನ ತಮ್ಮ ಫಾರ್ಮ್‌ನಲ್ಲಿ ತನ್ನ ಕೋವಿಯಿಂದಲೇ ಜೀವ ತೆಗೆದುಕೊಂಡ" ಎಂದು ಹೇಳಿ ಮಾತು ನಿಲ್ಲಿಸಿದ್ದ. ಆಮೇಲೆ ನನ್ನ ಕೆಲಸದ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆ ಬೆಳಿಗ್ಗೆ ಕೈ ಎತ್ತಿದ, ನಾನೂ ಎತ್ತಿದೆ. ಅವನ ಮನೆಯ ಆಚೆಗೆ ಶಿವು ಮತ್ತು ರೇಖಾ ಇರುವ ಮನೆ. ಅವರ ಗ್ಯಾರೇಜಿನ ಬಾಗಿಲು ಪೂರ್ತಿ ಇಳಿಸಿತ್ತು. ಮೇಲೆ ಕಟ್ಟಿದ್ದ ಮಾವಿನೆಲೆಯ ತೋರಣದ ಒಂದು ತುದಿ ಕಳಚಿ ಜೋತಾಡುತ್ತಿತ್ತು. ಸಂಜೆ ಬಂದು ರೇಖಾಳಿಗೆ ಹೇಳಬೇಕು ಅಂದುಕೊಂಡೆ.

ಅಂಗಡಿಯಲ್ಲಿ ನನ್ನ ಮೊದಲ ಕೆಲಸ ಒರೆಸುವುದು. ಎಣ್ಣೆ ಬಟ್ಟೆ ಹಿಡಿದು, ಹಿಂದಿನ ದಿನ ಗಿರಾಕಿಗಳು ಮುಟ್ಟಿದ ಒಂದೊಂದು ಕೋವಿಯನ್ನೂ ಬೆರಳ ಗುರುತು ಹೋಗುವ ಹಾಗೆ ಒರೆಸಬೇಕು. ಬೆವರಿನ ಉಪ್ಪು ಉಳಿದರೆ ಮೂರು ದಿನಕ್ಕೆ ನಳಿಗೆಯ ಮೇಲೆ ತುಕ್ಕಿನ ಹೆಬ್ಬೆಟ್ಟು ಮೂಡುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ನಾನು ಹೇಳಬಹುದಾದದ್ದು ಬಹಳವಿಲ್ಲ. ಒರೆಸುವುದನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ನಿನ್ನೆ ಯಾರು ಯಾವುದನ್ನು ಎಷ್ಟು ಹೊತ್ತು ಹಿಡಿದಿದ್ದರು ಎನ್ನುವುದು ಆ ಗುರುತುಗಳಲ್ಲೇ ಕಾಣುತ್ತದೆ.

ಮೈಸೂರಿನ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ, ಇಪ್ಪತ್ತು ವರ್ಷ ಮನೆ ನೋಡಿಕೊಂಡವಳು ಕೋವಿ ಮಾರಲು ಹೋದದ್ದು ಹೇಗೆ ಎಂದು ನಮ್ಮವರು ಇಂದಿಗೂ ಕೇಳುತ್ತಾರೆ. ಹೊಲಿಗೆಯಿಂದ. ಆಗ ನಾವು ಪರ್ತ್‌ನ ವಿಲೆಟನ್‌ನಲ್ಲಿದ್ದೆವು. ಮಗಳು ಹೈಸ್ಕೂಲಿಗೆ ಹೊರಟ ಮೇಲೆ ಮನೆ ಭಣಗುಟ್ಟುತ್ತಿತ್ತು. ಕ್ಯಾನ್ವಾಸ್ ಹೊಲಿಯಲು ಬರುವವರು ಬೇಕು ಎಂಬ ಚೀಟಿ ನೋಡಿ, ಟೆಂಟ್ ಇರಬೇಕೆಂದು ಹೋದೆ. ಹರಿದ ಕೋವಿ ಚೀಲಗಳ ರಾಶಿ! ಅಂಗಡಿಯ ಒಡತಿ ಜೋನ್, ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು.

"ಕೋವಿ ಅಂದ್ರೆ ಭಯಾನಾ ನಿಂಗೆ?" ಎಂದಳು.

"ಹೌದು."

"ಒಳ್ಳೇದು. ಹಾಗೇ ಇರ್ಲಿ. ನಾಳೆಯಿಂದ ಬಾ."

ನಮ್ಮ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್, ಒಂದು ಹೊಲಿಗೆ ಸೊಟ್ಟಗಾದರೂ ಇಡೀ ಸಾಲು ಬಿಚ್ಚಿಸುತ್ತಿದ್ದರು. ಅದೇ ಕೈ ಜೋನ್‌ಗೆ ಹಿಡಿಸಿತು. ಆಮೇಲೆ ಒಂದು ದಿನ ಅವಳು ಗಿರಾಕಿಗೆ ಕೋವಿ ಅಳತೆ ನೋಡುವುದನ್ನು ಕಂಡೆ. ಕಣ್ಣು ಮುಚ್ಚಿಸಿ, ಖಾಲಿ ಕೋವಿಯನ್ನು ಹೆಗಲಿಗೇರಿಸಿ, ಕೆನ್ನೆಯನ್ನು ಅದರ ಮರದ ಹಿಡಿಗೆ ಒರಗಿಸಿ, ಆಮೇಲೆ ಕಣ್ಣು ತೆರೆ ಎನ್ನುತ್ತಿದ್ದಳು. ತೆರೆದಾಗ ನಳಿಗೆಯ ಮೇಲೆ ನೋಟ ನೇರ ಹರಿದರೆ ಆ ಕೋವಿ ಅವನದು. ನಳಿಗೆ ಕಾಣದೆ ಅದರ ಹಿಂದಿನ ಕಬ್ಬಿಣವಷ್ಟೇ ಕಂಡರೆ ಅಲ್ಲ. ಕಣ್ಣು ತೆರೆದು ಎತ್ತಿದವನು ತನಗೆ ತಿಳಿಯದೆಯೇ ಕತ್ತು ಸೊಟ್ಟ ಮಾಡಿಕೊಂಡು ಹೊಂದಿಸಿಕೊಂಡುಬಿಡುತ್ತಾನೆ. ಕಣ್ಣು ಮುಚ್ಚಿದ ಮೈ ಹಾಗೆ ಮಾಡುವುದಿಲ್ಲ. ರವಿಕೆ ಅಳತೆಗೆ ನಿಂತವರು ಉಸಿರು ಬಿಗಿಹಿಡಿಯುತ್ತಾರಲ್ಲ, ಅದೇ ಕಥೆ. ನನಗೆ ಆ ಕ್ಷಣದಲ್ಲೇ ಈ ಕೆಲಸ ಅರ್ಥವಾಯಿತು.

ಅರ್ಥವಾಯಿತು ಅಂದುಕೊಂಡೆ. ಕೌಂಟರಿಗೆ ಬಂದ ಹೊಸತರಲ್ಲಿ ನಮ್ಮ ಕನ್ನಡದ ಹುಡುಗಿಯೊಬ್ಬಳು ಬಂದಳು. ಗಂಡ ಭೂವಿಜ್ಞಾನಿ, ಅವನ ಜೊತೆ ಹಾರುವ ಮಣ್ಣಿನ ಬಿಲ್ಲೆಗೆ ಗುರಿಯಿಡುವುದನ್ನು ಕಲಿಯಬೇಕಂತೆ. ಸಣ್ಣ ಮೈಯವಳು, ಪಾಪ ಎಂದು ಅಂಗಡಿಯಲ್ಲೇ ಎಲ್ಲಕ್ಕಿಂತ ಹಗುರವಾದ ಕೋವಿ ಕೊಡಿಸಿದೆ. ವಾರದ ನಂತರ ಬಂದು ತೋಳು ತೋರಿಸಿದಳು. ಹೆಗಲಿನಿಂದ ಕೆಳಗೆ ನೇರಳೆ ಬಣ್ಣ.

"ಆಂಟಿ, ನೀವು ಕೊಟ್ಟಿದ್ದು ಕೋವೀನಾ, ಕತ್ತೇನಾ? ಒಂದೇ ಸಮ ಒದೀತು!"

ಕೋವಿ ಹಗುರವಾದಷ್ಟೂ ಹೆಚ್ಚು ಒದೆಯುತ್ತದೆ. ತೂಕವೇ ಆ ಒದೆತವನ್ನು ನುಂಗುವುದು. ಜೋನ್ ಬೈಯಲಿಲ್ಲ. "ಕನಿಕರದಿಂದ ಕೋವಿ ಆರಿಸ್ಬೇಡ ಸುಮಿತ್ರಾ" ಎಂದಳು. ಅಷ್ಟೇ.

ಗಣಿ ಕೆಲಸ ಕಡಿಮೆಯಾದಾಗ ನಮ್ಮನೆಯವರಿಗೆ ಬ್ರಿಸ್ಬೇನ್‌ನಲ್ಲಿ ಕೆಲಸ ಸಿಕ್ಕಿತು. ಕ್ಯಾಲಮ್‌ವೇಲ್‌ನಲ್ಲಿ ಮನೆ, ಅಲ್ಲಿಂದ ಸ್ವಲ್ಪ ದೂರದಲ್ಲಿ ನೋಯೆಲ್ ಎಂಬವನ ಕೋವಿ ಅಂಗಡಿಯಲ್ಲಿ ನನಗೆ ಕೆಲಸ. ಆ ಹೊತ್ತಿಗೆ ಗಿರಾಕಿಗಳು ಬದಲಾಗಿದ್ದರು. ಪರ್ತ್‌ನಲ್ಲಿ ಜನ "ಏನು ತಗೊಳ್ಳಲಿ?" ಎಂದು ಕೇಳುತ್ತ ಬರುತ್ತಿದ್ದರು. ಇಲ್ಲಿ ಫೋನಿನಲ್ಲಿ ವಿಡಿಯೋ ನೋಡಿ, ತೀರ್ಮಾನ ಮಾಡಿಕೊಂಡೇ ಬರುತ್ತಿದ್ದರು. ಟರ್ಕಿ ದೇಶದ ಅಗ್ಗದ ಕೋವಿಗಳು ಬರಲಾರಂಭಿಸಿದ್ದವು. ಕೆಲವು ಚೆನ್ನಾಗಿದ್ದವು, ಕೆಲವು ಮರ ಮತ್ತು ಕಬ್ಬಿಣದ ನಡುವೆ ಉಗುರು ತೂರುವಂತಿದ್ದವು. ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ ಲ್ಯಾಪ್‌ಟಾಪ್ ತೆರೆದು ಎಲ್ಲ ಕೋವಿಗಳನ್ನೂ ಕೋಷ್ಟಕ ಮಾಡಿ ತೋರಿಸಿದ. ಹಂದಿಗೂ ಆಗಬೇಕು, ಮೊಲಕ್ಕೂ, ಹಕ್ಕಿಗೂ, ಬಿಲ್ಲೆಗೂ. ಕೊನೆಗೆ ಕನ್ನಡದಲ್ಲಿ ಮೆಲ್ಲಗೆ, "ಆಂಟಿ, ಮನೆ ಸೇಫ್ಟಿಗೂ ಆಗುತ್ತಲ್ವಾ?" ಎಂದ.

ನೋಯೆಲ್‌ಗೆ ಆ ಒಂದು ಇಂಗ್ಲಿಷ್ ಪದ ಸಾಕಾಯಿತು. ಲ್ಯಾಪ್‌ಟಾಪನ್ನು ತಾನೇ ಮಡಚಿ ಹುಡುಗನ ಕೈಗಿತ್ತು ಬಾಗಿಲು ತೋರಿಸಿದ. ಈ ದೇಶದಲ್ಲಿ ಬೇಟೆಗೆ, ತೋಟಕ್ಕೆ, ಆಟಕ್ಕೆ ಕೋವಿ ಇಟ್ಟುಕೊಳ್ಳಬಹುದು. ಮನೆ ಕಾಯಲು ಅಲ್ಲ. ಹುಡುಗ ಹೋದ ಮೇಲೆ ನೋಯೆಲ್ ನನ್ನನ್ನು ಎದುರು ನಿಲ್ಲಿಸಿ, ಇನ್ನು ಮೇಲೆ ಪ್ರತಿಯೊಬ್ಬರಿಗೂ ಅವರ ಭಾಷೆಯಲ್ಲೇ ಹೇಳಬೇಕೆಂದು ಒಂದು ಮಾತು ಕಲಿಸಿದ. ಕೋವಿಗೆ ಎರಡೇ ಜಾಗ: ನಿಮ್ಮ ಕೈ, ಇಲ್ಲವೇ ಬೀಗ ಹಾಕಿದ ಉಕ್ಕಿನ ಸೇಫ್. ಮೂರನೇ ಜಾಗ ಇಲ್ಲ. ಅದನ್ನು ನಾನು ಆಮೇಲೆ ಎಷ್ಟು ಸಲ ಹೇಳಿದ್ದೇನೋ, ದೇವರಿಗೇ ಗೊತ್ತು.

ಅಡಿಲೇಡ್‌ನ ಪ್ರಾಸ್ಪೆಕ್ಟ್‌ಗೆ ಬಂದದ್ದು ಅದಾದ ಕೆಲವು ವರ್ಷಗಳ ಮೇಲೆ. ಗ್ರೆಗ್ ಎಂಬವನ ಅಂಗಡಿ. ಮೃದು ಮನುಷ್ಯ, ಮಾತು ಕಡಿಮೆ. ಶಿವು ನಮ್ಮ ಬೀದಿಗೆ ಬಂದದ್ದೂ ಅದೇ ವರ್ಷ. ಹಾಸನದ ಕಡೆಯ ಹುಡುಗ, ಕೃಷಿ ಓದಿದವನು, ನಗರದಿಂದ ಉತ್ತರಕ್ಕೆ ಒಂದು ಗಂಟೆ ದಾರಿಯ ದ್ರಾಕ್ಷಿ ತೋಟದಲ್ಲಿ ಕೆಲಸ. ವಸಂತದಲ್ಲಿ ಎಳೆ ಬಳ್ಳಿ ಚಿಗುರುವಾಗ ಕಾಡುಮೊಲಗಳು ಬಂದು ಒಂದು ರಾತ್ರಿಗೆ ಸಾಲುಸಾಲನ್ನೇ ಮೇಯ್ದುಬಿಡುತ್ತಿದ್ದವು. ಯಜಮಾನ ಹೇಳಿದ್ದನಂತೆ: ಲೈಸೆನ್ಸ್ ಮಾಡಿಸಿಕೋ, ನಿನ್ನದೇ ಕೋವಿ ತಗೋ, ಈ ವಸಂತ ಬಳ್ಳಿ ಉಳಿಸಿಕೊಡು, ಕೆಲಸ ಕಾಯಂ ಮಾಡಿ ವೀಸಾಕ್ಕೆ ನಾನೇ ಸಹಿ ಹಾಕುತ್ತೇನೆ. ಶಿವು ಕುಟುಂಬದ ವೀಸಾ ಮುಗಿಯುವುದರಲ್ಲಿತ್ತು. ಮಗಳು ಅನ್ವಿ ಇಲ್ಲಿ ಶಾಲೆಗೆ ಸೇರಿದ್ದಳು; ಕನ್ನಡ ತಿಳಿಯುತ್ತಿತ್ತು, ಮಾತೆಲ್ಲ ಇಂಗ್ಲಿಷು. ಹೀಗೆ ಆ ಮೂವರು ಈ ದೇಶದಲ್ಲಿ ಇರುವುದು ಒಂದು ಕೋವಿಯ ಮೇಲೆ ನಿಂತಿತ್ತು.

ಅವನಿಗೆ ಕೋವಿ ಆರಿಸಿಕೊಟ್ಟ ಹಾಗೆ ನಾನು ಯಾರಿಗೂ ಆರಿಸಿಕೊಟ್ಟಿಲ್ಲ. ಮೊಲ, ದ್ರಾಕ್ಷಿ ಹಣ್ಣಾದಾಗ ಬೀಳುವ ಹಕ್ಕಿ ಹಿಂಡು, ಮುಂದೆಂದಾದರೂ ಬಾತುಕೋಳಿ. ಎಲ್ಲಕ್ಕೂ ಒಂದೇ, ಅದೂ ಕೈಗೆಟುಕುವ ಬೆಲೆಯದು. ರೇಖಾಳನ್ನೂ ಕರೆದುಕೊಂಡು ಬರುತ್ತಿದ್ದ. ಅವಳು ಸೀರೆ ಅಂಗಡಿಗೆ ಬಂದವಳ ಹಾಗೆ ಮರದ ಬಣ್ಣ ನೋಡುತ್ತಿದ್ದಳು.

"ಇದು ಚೆನ್ನಾಗಿದೆ ರೀ, ಹೊಳಪು ನೋಡಿ."

"ಹೊಳಪಿಗೆ ಮೊಲ ಬೀಳಲ್ಲಮ್ಮ" ಎಂದೆ.

"ಬೀಳದೇ ಇದ್ರೂ ಪರವಾಗಿಲ್ಲ ಆಂಟಿ, ಮನೇಲಿ ನೋಡೋರು ನಾನಲ್ವಾ?"

"ಅದು ಸೇಫಲ್ಲಿರುತ್ತೆ, ನೀನೂ ನೋಡಲ್ಲ" ಎಂದು ಶಿವು ನಕ್ಕ.

ಒಂದು ಹಳೆಯ ಜೋಡಿನಳಿಗೆ ಅವನಿಗೆ ತುಂಬ ಹಿಡಿಸಿತ್ತು. ಎರಡು ನಳಿಗೆ ಅಕ್ಕಪಕ್ಕ, ಬೆಲೆಯೂ ಕಡಿಮೆ. ಬೇಡವೆಂದೆ. ಇಲ್ಲಿ ಬಾತುಕೋಳಿಗೆ ಸೀಸದ ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡು, ಬಿಡುವಂತಿಲ್ಲ, ಉಕ್ಕಿನದೇ ಆಗಬೇಕು. ಅಷ್ಟು ಹಳೆಯ, ತುದಿ ಬಿಗಿಯಾದ ನಳಿಗೆ ಉಕ್ಕಿನ ಚರೆ ತಡೆಯುವುದಿಲ್ಲ. ಕೊನೆಗೆ ಒಂದು ಸೆಕೆಂಡ್ ಹ್ಯಾಂಡ್ ಟರ್ಕಿ ಕೋವಿಗೆ ಬಂದು ನಿಂತೆವು. ಹನ್ನೆರಡು ಬೋರು, ಇಪ್ಪತ್ತೆಂಟು ಇಂಚಿನ ಎರಡು ನಳಿಗೆ ಒಂದರ ಮೇಲೊಂದು, ಉಕ್ಕಿನ ಚರೆಗೆ ಪರೀಕ್ಷೆ ಮಾಡಿದ ಮುದ್ರೆ, ನಳಿಗೆಯ ತುದಿಗೆ ತಿರುಗಿಸಿ ಹಾಕುವ ಚಿಕ್ಕ ಕೊಳವೆಗಳು. ಅದಕ್ಕೆ ಚೋಕ್ ಎನ್ನುತ್ತಾರೆ. ಸಡಿಲ ಕೊಳವೆ ಹಾಕಿದರೆ ಚರೆ ಬೇಗ ಹರಡುತ್ತದೆ, ಹತ್ತಿರದ ಮೊಲಕ್ಕೆ ಸರಿ. ಬಿಗಿ ಕೊಳವೆ ಹಾಕಿದರೆ ದೂರದ ಹಕ್ಕಿಗೆ. ಒಂದೇ ಕೋವಿ ಹಲವು ಕೆಲಸಕ್ಕೆ ಒದಗುವುದು ಹೀಗೆ. ಮರಕ್ಕೆ ಅಲ್ಲಲ್ಲಿ ಗೀರು ಬಿದ್ದಿತ್ತು. ಮಡಚುವಾಗ ಒಳ್ಳೆ ಬೀರುವಿನ ಬಾಗಿಲಿನಂಥ ಗಟ್ಟಿ ಸದ್ದು. ರೇಖಾ ಮುಖ ಸಪ್ಪೆ ಮಾಡಿದಳು.

"ಕಣ್ಣು ಮುಚ್ಚಿ ಎತ್ತು" ಎಂದೆ ಶಿವುಗೆ.

ಎತ್ತಿದ. ಕೆನ್ನೆ ಮರದ ಮೇಲೆ ಕೂತಿತು. ಕಣ್ಣು ತೆರೆದು ಅಲುಗಾಡದೆ ನಿಂತ.

"ಆಂಟಿ... ನೇರ ಕಾಣ್ತಿದೆ."

ಪರ್ಮಿಟ್ ಬಂದು ಕೋವಿ ಒಯ್ಯುವ ದಿನ ಎಂದಿನ ಮಾತು ಹೇಳಿದೆ. ಕೈ, ಇಲ್ಲವೇ ಸೇಫ್. ಅವನು ಅದನ್ನು ಪಾಠದ ಹಾಗೆ ತಿರುಗಿ ಒಪ್ಪಿಸಿದ. ತೋಟದಲ್ಲಿ ಮೊದಲ ತಿಂಗಳು ಚೆನ್ನಾಗಿಯೇ ಕಳೆಯಿತು. ಬಳ್ಳಿ ಚಿಗುರಿತು, ಚಿಗುರು ಉಳಿಯಿತು. ಯಜಮಾನ ಅವನ ಭುಜ ತಟ್ಟಿದನಂತೆ.

ಆಮೇಲೆ ಆಯುಧಪೂಜೆ ಬಂತು. ಶಿವು ನಮ್ಮ ಕನ್ನಡದ ಏಳೆಂಟು ಮನೆಯವರನ್ನೆಲ್ಲ ಕರೆದಿದ್ದ, ನನ್ನನ್ನೂ. ಅಂಗಡಿ ತಡವಾಗಿ ಮುಚ್ಚುವ ದಿನ, ಆಗಲ್ಲಪ್ಪ ಎಂದಿದ್ದೆ. ಕಾರು ಇಟ್ಟು ಪೂಜೆ ಮಾಡುತ್ತಾರೆ, ಕೋಸಂಬರಿ ಮಾಡುತ್ತಾರೆ ಅಂದುಕೊಂಡಿದ್ದೆ. ಬೇರೇನೂ ಮನಸ್ಸಿಗೆ ಬರಲಿಲ್ಲ. ರಾತ್ರಿ ಬಂದವಳೇ ಮಲಗಿಬಿಟ್ಟೆ.

ಆ ಬೆಳಿಗ್ಗೆ ಕೋವಿಗಳನ್ನೆಲ್ಲ ಒರೆಸಿ ಮುಗಿಸುವ ಹೊತ್ತಿಗೆ ಗ್ರೆಗ್ ಫೋನ್ ಇಟ್ಟು ನನ್ನ ಹತ್ತಿರ ಬಂದ. ಪೊಲೀಸರು ಒಂದು ಕೋವಿಯ ನಂಬರ್ ತಾಳೆ ನೋಡಲು ಕೇಳಿದ್ದರು. ಹಿಂದಿನ ಸಂಜೆ ವಶಪಡಿಸಿಕೊಂಡದ್ದು. "ನಿನ್ನ ಹುಡುಗನದು" ಎಂದ. ನನ್ನ ಕೈಯಲ್ಲಿದ್ದ ಎಣ್ಣೆ ಬಟ್ಟೆಯಿಂದ ಒಂದು ಹನಿ ಕೌಂಟರಿನ ಗಾಜಿನ ಮೇಲೆ ಬಿತ್ತು. ಅದನ್ನು ಒರೆಸಿದೆ. ಮತ್ತೊಮ್ಮೆ ಒರೆಸಿದೆ.

ಮಧ್ಯಾಹ್ನ ಶಿವುವೇ ಬಂದ. ಹೆಬ್ಬೆರಳಿನ ಉಗುರಿನ ಸಂದಿನಲ್ಲಿ ಕುಂಕುಮ ಇನ್ನೂ ಇತ್ತು.

"ಗ್ಯಾರೇಜಲ್ಲಿ ಮೇಜು ಹಾಕಿ ಇಟ್ಟಿದ್ದೆ ಆಂಟಿ. ಸಲಿಕೆ, ಬಳ್ಳಿ ಕತ್ತರಿ, ಡ್ರಿಲ್ಲು, ಮಧ್ಯದಲ್ಲಿ ಕೋವಿ. ಹೂವು ಹಾಕಿ ದೀಪ ಹಚ್ಚಿ ಆರತಿ ಮಾಡ್ದೆ. ಎಲ್ಲರೂ ಊಟಕ್ಕೆ ಒಳಗೆ ಹೋದ್ರು, ನಾನೊಬ್ನೇ ಇನ್ನೊಂದು ಗಳಿಗೆ ಕಣ್ಣು ಮುಚ್ಚಿ ನಿಂತು ಆಮೇಲೆ ಹೋದೆ. ಪೂಜೆ ಮಾಡಿದ್ದನ್ನ ಅವತ್ತು ಕದಲಿಸಬಾರ್ದಲ್ವಾ? ಹಾಗೇ ಬಿಟ್ಟಿದ್ದೆ. ಬಾಗಿಲು ಅರ್ಧ ತೆಗೆದಿತ್ತು, ಮಕ್ಕಳು ತಟ್ಟೆ ಹಿಡ್ಕೊಂಡು ಓಡಾಡ್ತಿದ್ರು. ಯಾರೋ ಫೋನ್ ಮಾಡಿ ಪೊಲೀಸ್ನೋರು ಬಂದಾಗ ಅದರ ಹತ್ರ ಯಾರೂ ಇರ್ಲಿಲ್ಲ."

"ನಾನು ಹೇಳಿದ್ದೆನಲ್ಲ ಶಿವು."

"ಹೇಳಿದ್ರಿ. ಕೈ, ಇಲ್ಲಾಂದ್ರೆ ಸೇಫು. ಆದ್ರೆ ದೇವರ ಮುಂದೆ ಇಟ್ಟಿದ್ದು ಆಂಟಿ. ಅದು ಮೂರನೇ ಜಾಗ ಅಂತ ನನಗೆ ಅನ್ನಿಸ್ಲೇ ಇಲ್ಲ."

ನಮ್ಮಪ್ಪನ ಸ್ಕೂಟರಿಗೆ ಹಾಕಿದ ಹಾರವನ್ನು ನಾವೂ ಮಾರನೆಯ ದಿನದವರೆಗೆ ಮುಟ್ಟುತ್ತಿರಲಿಲ್ಲ. ಅವನ ಜಾಗದಲ್ಲಿ ನಮ್ಮೂರಿನ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ಕಾನೂನು ಬರೆದವರಿಗೆ ಅದು ಗೊತ್ತಿಲ್ಲ, ಗೊತ್ತಿರಬೇಕಾದ್ದೂ ಇಲ್ಲ.

ಲೈಸೆನ್ಸ್ ತಡೆಹಿಡಿದಿದ್ದರು. ತೀರ್ಮಾನಕ್ಕೆ ತಿಂಗಳುಗಳೇ ಬೇಕು. ಬೆಳಿಗ್ಗೆ ತೋಟಕ್ಕೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ಯಜಮಾನ ಸಿಟ್ಟು ಮಾಡಲಿಲ್ಲವಂತೆ. ಚಿಗುರು ಕಾಯುವುದಿಲ್ಲ, ಬೇರೆಯವನನ್ನು ನೋಡಿಕೊಳ್ಳುತ್ತೇನೆ ಎಂದನಂತೆ. ಇದನ್ನು ಹೇಳುವಾಗ ಶಿವು ಗೋಡೆಯ ಮೇಲಿನ ಕೋವಿಗಳ ಸಾಲನ್ನೇ ನೋಡುತ್ತಿದ್ದ. ತನ್ನದು ಇದ್ದ ಜಾಗದಲ್ಲಿ ಬೇರೊಂದು ಬಂದಿತ್ತು.

ಹೋಗುವಾಗ ಬಾಗಿಲಲ್ಲಿ ನಿಂತ. "ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬೇಡಿ. ಪೂಜೆ ಫೋಟೋ ನಮ್ಮ ಕನ್ನಡದವರ ಗ್ರೂಪಲ್ಲಿ ಮಾತ್ರ ಹಾಕಿದ್ದೆ. ಅದರಲ್ಲಿ ಇರೋರೆಲ್ಲ ನಮ್ಮ ಮನೇಲೇ ಇದ್ರು. ನೀವೊಬ್ರು ಬಿಟ್ಟು."

ಅಷ್ಟು ಹೇಳಿ ಹೊರಟುಹೋದ. ನನ್ನ ಫೋನ್ ತೆಗೆದು ನೋಡಿದರೆ ಆ ಫೋಟೋ ಅಲ್ಲಿತ್ತು, ಹಿಂದಿನ ಸಂಜೆ ಬಂದದ್ದು, ನಾನು ತೆರೆದೇ ಇರಲಿಲ್ಲ. ಸೇವಂತಿಗೆ ಹಾರದ ನಡುವೆ ಗೀರು ಬಿದ್ದ ಆ ಮರ. ಕೆಳಗೆ ಎಲ್ಲರ ಕೈ ಮುಗಿದ ಚಿತ್ರಗಳು. ಆಮೇಲೆ ಏನೂ ಇಲ್ಲ. ಬೆಳಗಿನಿಂದ ಇಡೀ ಗುಂಪು ಮೂಕವಾಗಿತ್ತು. ಮಾತೆಲ್ಲ ಬೇರೆಲ್ಲೋ, ನಾನಿಲ್ಲದ ಕಡೆ ನಡೆಯುತ್ತಿತ್ತು ಎಂದು ತಿಳಿಯಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಕಾನೂನು ಬಲ್ಲವಳು ನಾನು. ಪೂಜೆಗೆ ಬಾರದವಳು ನಾನು. ನನ್ನ ಬಗ್ಗೆ ಬೇರೆಯವರು ಹಾಗೆ ಹೇಳಿದರೆ ನಾನೂ ನಂಬುತ್ತಿದ್ದೆ.

ಗ್ರೆಗ್ ಬೇಗ ಹೋಗು ಎಂದ. ದಾರಿಯಲ್ಲಿ ಅನ್ವಿಗೆಂದು ಮೈಸೂರ್‌ಪಾಕ್ ಕೊಂಡು ನೇರ ಅವರ ಮನೆಗೆ ಹೋದೆ. ರೇಖಾ ಬಾಗಿಲು ಸ್ವಲ್ಪವೇ ತೆರೆದಳು. ಒಂದು ಕೈ ಚಿಲಕದ ಮೇಲೇ ಇತ್ತು.

"ಪೊಲೀಸ್ನೋರಿಗೆ ನಾನು ಹೇಳಿಲ್ಲಮ್ಮ ರೇಖಾ."

"ನಾನು ಕೇಳ್ಲೇ ಇಲ್ವಲ್ಲ ಆಂಟಿ."

ಅಷ್ಟು ಮೆತ್ತಗೆ ಹೇಳಿದಳು. ಅವಳ ಸೊಂಟದ ಪಕ್ಕದಿಂದ ಅನ್ವಿ ಇಣುಕಿದಳು. ನಾನು ಪೊಟ್ಟಣ ಚಾಚಿದೆ. ಮಗು ಅಮ್ಮನ ಮುಖ ನೋಡಿ, "ನೋ, ಥ್ಯಾಂಕ್ ಯೂ" ಎಂದಿತು. ಬಾಗಿಲು ಮುಚ್ಚಿಕೊಂಡಿತು. ತಳ್ಳಿ ಹಾಕಿದ್ದಲ್ಲ, ಸದ್ದಾಗದ ಹಾಗೆ ಮುಚ್ಚಿದ್ದು.

ರೇಖಾ ನನ್ನೊಡನೆ ಆಡಿದ ಕೊನೆಯ ಮಾತು ಅದು. ನಂತರ ನಾನು ಹೇಳಲು ಹೋದದ್ದೆಲ್ಲ, ನಿಜವಾದದ್ದು ಸಹ, ನೆಪವಾಗಿಯೇ ಕೇಳಿಸಿರಬೇಕು. ಫೋನ್ ಎತ್ತಲಿಲ್ಲ, ಬಾಗಿಲೂ ತೆರೆಯಲಿಲ್ಲ. ಬೇಸಿಗೆ ಮುಗಿಯುವುದರೊಳಗೆ ಅವರು ಊರಿಗೆ ಹೊರಟುಹೋದರು. ಹೋದ ದಿನ ನಾನು ಅಂಗಡಿಯಲ್ಲಿದ್ದೆ. ಮುಂದಿನ ವರ್ಷ ಕೆಲಸ ಬಿಟ್ಟೆ. ವಯಸ್ಸಾಯಿತು ಎಂದು ಗ್ರೆಗ್‌ಗೆ ಹೇಳಿದೆ. ಕೌಂಟರಿನ ಆಚೆ ಯಾರಾದರೂ ಕಣ್ಣು ಮುಚ್ಚಿ ಕೋವಿ ಎತ್ತಿದಾಗಲೆಲ್ಲ ಶಿವು ನೆನಪಾಗುತ್ತಿದ್ದ. ಎರಡೇ ಜಾಗ ಎಂಬ ಮಾತು ಹೇಳುವುದನ್ನು ಗ್ರೆಗ್‌ಗೇ ಬಿಟ್ಟುಬಿಡುತ್ತಿದ್ದೆ. ಈ ಕೆಲಸಕ್ಕೆ ಬರುವವರಿಗೆ ಹೆಗಲ ಅಳತೆ ಕಲಿಸಬಲ್ಲೆ, ಚೋಕ್ ಹೇಳಿಕೊಡಬಲ್ಲೆ. ಕೋವಿ ಒಯ್ದವನ ಮನೆಯಲ್ಲಿ ಯಾವ ಹಬ್ಬ ಬರುತ್ತದೆ ಎಂದು ಕೇಳಿ ಎಂದಷ್ಟೇ ಇನ್ನೊಂದು ಮಾತು ಸೇರಿಸುತ್ತೇನೆ. ಕೇಳಿದರೆ ಉಪಯೋಗವಾಗುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ.

ಆ ಸಂಜೆ ಮುಚ್ಚಿದ ಬಾಗಿಲಿನಿಂದ ತಿರುಗಿ, ಮೈಸೂರ್‌ಪಾಕ್ ಪೊಟ್ಟಣ ಹಿಡಿದು ಮನೆಯತ್ತ ನಡೆದೆ. ಕೆನ್ ಬೇಲಿಯ ಹತ್ತಿರ ಗುಲಾಬಿ ಗಿಡಗಳಿಗೆ ನೀರು ಬಿಡುತ್ತಿದ್ದ. ಪೊಟ್ಟಣವನ್ನು ಅವನಿಗೇ ಕೊಟ್ಟೆ. ಒಂದು ತುಂಡು ಬಾಯಿಗೆ ಹಾಕಿಕೊಂಡು, ಚೆನ್ನಾಗಿದೆ ಎಂದು ತಲೆಯಾಡಿಸಿ, ನೀರಿನ ಪೈಪನ್ನು ಮುಂದಿನ ಗಿಡಕ್ಕೆ ಸರಿಸಿದ.

"ಅಂದ ಹಾಗೆ, ಆ ಹುಡುಗನ ಮನೇಲಿ ಯಾರು ತೀರಿಕೊಂಡ್ರು?" ಎಂದ. "ನಿನ್ನೆ ಸಂಜೆ ಕೋವಿ ಎದುರಿಗಿಟ್ಕೊಂಡು, ಅದಕ್ಕೆ ಹೂವು ಹಾಕಿ, ದೀಪ ಹಚ್ಚಿ, ಒಬ್ಬನೇ ಕಣ್ಣು ಮುಚ್ಕೊಂಡು ನಿಂತಿದ್ದ. ನನ್ನ ತಮ್ಮ ನೆನಪಾದ. ಯಾರಾದ್ರೂ ಬಂದು ಮಾತಾಡಿಸ್ಲಿ ಅಂತ ಪೊಲೀಸ್ನೋರಿಗೆ ಫೋನ್ ಮಾಡ್ಬಿಟ್ಟೆ. ಈಗ ಪರವಾಗಿಲ್ವಾ ಅವನಿಗೆ?"